ಬೆಂಗಳೂರಿನಲ್ಲಿ ಟುಲಿಪ್: ಎಲೆ ಬಂತು, ಹೂ ಬರಲಿಲ್ಲ

ಅಕ್ಟೋಬರ್‌ನಲ್ಲಿ ಗಡ್ಡೆಯನ್ನು ನೇರ ಕುಂಡಕ್ಕೆ ಹಾಕಿದೆ, ಎಲೆ ಮಾತ್ರ ಬಂತು ಅಂದಿದ್ದೀರಿ. ಹೆಚ್ಚಾಗಿ ಚಳಿ ಸಾಲದೇ ಹೀಗಾಗಿದೆ. ಟುಲಿಪ್ ಮೊಗ್ಗು ಗಡ್ಡೆಯೊಳಗೆ ಮೊದಲೇ ಕಟ್ಟಿರುತ್ತದೆ. ಆದರೆ ದಂಟು ಉದ್ದವಾಗಿ ಅದು ಮೇಲೆ ಬರಬೇಕಾದರೆ ಸುಮಾರು ಮೂರು ತಿಂಗಳು 9 ಡಿಗ್ರಿಗಿಂತ ಕಡಿಮೆ ತಂಪು ಬೇಕು. ಬೆಂಗಳೂರಿನ ಜನವರಿ ರಾತ್ರಿಯೂ 15ರ ಆಸುಪಾಸು, ಅಲ್ವಾ. ಹಾಗಾಗಿ ಆ ಚಳಿಯನ್ನು ಫ್ರಿಜ್ಜಿನಲ್ಲೇ ಕೊಡಬೇಕು. ನಾನು ಹಾಗೆಯೇ ಹೂ ಬಿಡಿಸಿದ್ದೇನೆ.

ಸೆಪ್ಟೆಂಬರ್ ಮಧ್ಯದಲ್ಲಿ ದಪ್ಪನೆಯ, ಗಟ್ಟಿ ಗಡ್ಡೆ ತನ್ನಿ. ಮೊದಲೇ ತಂಪಿನಲ್ಲಿಟ್ಟದ್ದಾ ಎಂದು ಮಾರುವವರನ್ನು ಕೇಳಿ, ಇಟ್ಟಿದ್ದರೆ ಮುಂದೆ ಹೇಳಿದ ಫ್ರಿಜ್ಜಿನ ಅವಧಿಯಲ್ಲಿ ಅಷ್ಟು ವಾರ ಕಡಿಮೆ ಮಾಡಿ. ಪೇಪರ್ ಕವರ್‌ಗೆ ಹಾಕಿ ತರಕಾರಿ ಡ್ರಾಯರ್‌ನಲ್ಲಿ 12-14 ವಾರ ಇಡಿ. 4ರಿಂದ 7 ಡಿಗ್ರಿ ಸರಿ, ಫ್ರೀಜರ್ ಬೇಡ. ಅದೇ ಫ್ರಿಜ್ಜಿನಲ್ಲಿ ಸೇಬು, ಬಾಳೆಹಣ್ಣು ಇಡಲೇಬೇಡಿ. ಹಣ್ಣಿನಿಂದ ಬರುವ ಎಥಿಲೀನ್ ಅನಿಲ ಒಳಗಿನ ಮೊಗ್ಗನ್ನು ಸಾಯಿಸುತ್ತದೆ, ಮೂರು ತಿಂಗಳು ಕಾದದ್ದೆಲ್ಲ ಸುಮ್ನೆ ಹಾಳು. ಆಗಾಗ ಮುಟ್ಟಿ ನೋಡಿ, ಮೆತ್ತಗಾದದ್ದನ್ನು ಎಸೆಯಿರಿ.

ಡಿಸೆಂಬರ್ ಕೊನೆಗೆ ಹೊರತೆಗೆದ ದಿನವೇ ನೆಡಿ. ನೀರು ಬಸಿದು ಹೋಗುವ ಮಣ್ಣಿರಲಿ, ಬೆಳಗಿನ ಬಿಸಿಲು ಸಾಕು.

ಈಗಿರುವ ಗಡ್ಡೆ ಮತ್ತೆ ಹೂ ಬಿಡುತ್ತದೆ ಎಂದು ಖಾತ್ರಿ ಕೊಡಲಾರೆ. ಒಂದೇ ಒಂದು ಎಲೆ ಬಂದಿದ್ದರೆ ಆ ಗಡ್ಡೆಯ ಆಸೆ ಬಿಡಿ, ಹೊಸದನ್ನೇ ತನ್ನಿ.