ಪಾತ್ರೆ ಅಂಗಡಿಯಲ್ಲಿ ರಿಕವರಿ ಫ್ರೇಸ್ ಬರೆಸಬಹುದಾ?

ಪ್ರಶ್ನೆ: ಸರ್, ಮೂರು ವರ್ಷದಿಂದ ಪ್ರತಿ ತಿಂಗಳೂ ಸ್ವಲ್ಪ ಸ್ವಲ್ಪ ಬಿಟ್‌ಕಾಯಿನ್ ಕೊಂಡು ಹಾರ್ಡ್‌ವೇರ್ ವ್ಯಾಲೆಟ್‌ನಲ್ಲಿ (ಬಿಟ್‌ಕಾಯಿನ್‌ನ ಕೀಲಿ ಕಾಯುವ ಪುಟ್ಟ ಸಾಧನ) ಇಟ್ಟಿದ್ದೇನೆ. ಅದು ಕೆಟ್ಟರೆ ಹಣ ವಾಪಸ್ ಪಡೆಯಲು ಬೇಕಾದ 24 ಪದಗಳ ರಿಕವರಿ ಫ್ರೇಸ್ ಕಾಗದದಲ್ಲಿದೆ. ಸ್ಟೀಲ್ ಮೇಲೆ ಹಾಕಿಸಿಡು ಅಂತ ಭಾವ ಹೇಳುತ್ತಿದ್ದಾರೆ. ಅಕ್ಕನ ಮದುವೆ ಪಾತ್ರೆಗಳಿಗೆ ಹೆಸರು ಹಾಕಿಸಿದ ಅಂಗಡಿ ಪರಿಚಯವಿದೆ. ಅಲ್ಲೇ ಒಂದು ತಟ್ಟೆಯ ಮೇಲೆ ಬರೆಸಿದರೆ ಆಗಲ್ವಾ?
- ಓದುಗರು, ಹಾಸನ

ಉತ್ತರ: ದಯವಿಟ್ಟು ಬೇಡ. ನಿಮ್ಮ ಭಾವ ಹೇಳಿದ್ದು ಸರಿ, ಸ್ಟೀಲ್ ಮೇಲೆ ಹಾಕಿ. ಆದರೆ ನಿಮ್ಮ ಕೈಯಾರೆ ಹಾಕಿ.

ಆ 24 ಪದ ಯಾರಿಗೆ ಗೊತ್ತೋ ಹಣ ಅವರದ್ದು. ನಿಮ್ಮ ಸಾಧನವೂ ಬೇಡ, ಪಿನ್ನೂ ಬೇಡ. ಅಂಗಡಿಯವರು ಎಷ್ಟೇ ಒಳ್ಳೆಯವರಿರಲಿ, ನಿಮ್ಮ ಚೀಟಿ ಅವರ ಮೇಜಿನ ಮೇಲೆ ಅರ್ಧ ಗಂಟೆ ಬಿದ್ದಿರುತ್ತದೆ. ಪಕ್ಕದಲ್ಲಿ ನಿಂತವರ ಕೈಯಲ್ಲಿ ಮೊಬೈಲ್ ಇರುತ್ತದೆ. ಹೋದ ಹಣ ತಡೆಯೋಕೆ ಇಲ್ಲಿ ಬ್ಯಾಂಕ್ ಇಲ್ಲ. ಜೊತೆಗೆ ಆ ಮಷಿನ್ ಗೀರುವುದು ಮೇಲೆ ಮೇಲೆ ಮಾತ್ರ. ಮನೆಯ ಹಳೇ ಡಬರಿ ನೋಡಿ, ತಿಕ್ಕಿ ತಿಕ್ಕಿ ಹೆಸರು ಅರ್ಧ ಹೋಗಿರುತ್ತದೆ.

ಕಾಗದವನ್ನೂ ನಂಬಬೇಡಿ. ನಾನು ಜೆಲ್ ಪೆನ್ನಿನಲ್ಲಿ ಬರೆದು ಬೀರುವಿನ ಕೆಳಗಿನ ಖಾನೆಯಲ್ಲಿ ಇಟ್ಟಿದ್ದೆ. ಮಳೆಗಾಲದಲ್ಲಿ ಗೋಡೆಯ ತೇವ ಇಳಿದು ಐದು ಪದ ಬರೀ ನೀಲಿ ಕಲೆಯಾದವು. ಪುಣ್ಯಕ್ಕೆ ವ್ಯಾಲೆಟ್ ಇನ್ನೂ ಕೆಲಸ ಮಾಡುತ್ತಿತ್ತು. ಅವತ್ತೇ ಹೊಸ ಫ್ರೇಸ್‌ನ ವ್ಯಾಲೆಟ್ ಮಾಡಿ ಹಣ ಅಲ್ಲಿಗೆ ಕಳಿಸಿದೆ. ಬಟನ್ ಒತ್ತುವಾಗ ಕೈ ನಡುಗಿದ್ದು ಇನ್ನೂ ನೆನಪಿದೆ.

ಪೀಣ್ಯದ ಒಂದು ಟೂಲ್ ರೂಮಿನಲ್ಲಿ ಹದಿನೆಂಟು ವರ್ಷ ಡೈಗಳ ಮೇಲೆ ನಂಬರ್ ಹೊಡೆದವನು ನಾನು. ಹಾಗಾಗಿ ಈ ಕೆಲಸವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. 304 ಗ್ರೇಡ್ ಸ್ಟೇನ್‌ಲೆಸ್ ಸ್ಟೀಲ್, 2 ಮಿ.ಮೀ. ದಪ್ಪದ ಪ್ಲೇಟ್ ತನ್ನಿ. ತೆಳು ತಗಡು ಹೊಡೆತಕ್ಕೆ ಬಾಗುತ್ತದೆ. ಅಲ್ಯೂಮಿನಿಯಂ ಬೇಡ. ಅದು 660 ಡಿಗ್ರಿಗೇ ಕರಗುತ್ತದೆ, ಮನೆಗೆ ಬೆಂಕಿ ಬಿದ್ದರೆ ಅಷ್ಟು ಶಾಖ ಬರುವುದು ದೊಡ್ಡದಲ್ಲ. ಈ ಸ್ಟೀಲ್ ಕರಗಲು ಸುಮಾರು 1,400 ಡಿಗ್ರಿ ಬೇಕು. ಹಾರ್ಡ್‌ವೇರ್ ಅಂಗಡಿಯಲ್ಲಿ ಇಂಗ್ಲಿಷ್ ಅಕ್ಷರದ ಪಂಚ್ ಸೆಟ್ ಸಿಗುತ್ತದೆ, ಅಂದರೆ ತುದಿಯಲ್ಲಿ ಒಂದೊಂದು ಅಕ್ಷರವಿರುವ, ಸುತ್ತಿಗೆಯಿಂದ ಹೊಡೆಯುವ ಉಕ್ಕಿನ ಕಡ್ಡಿಗಳು. 4 ಮಿ.ಮೀ. ಅಳತೆಯದು ಸಾಕು. ಸ್ಟೇನ್‌ಲೆಸ್‌ಗೆ ತಡೆಯುತ್ತದಾ ಅಂತ ಕೇಳಿಯೇ ತನ್ನಿ, ಅಗ್ಗದ ಪಂಚ್‌ಗಳ ಮೂತಿ ಮೊಂಡಾಗುತ್ತದೆ. ಅಂಕಿಯ ಸೆಟ್ಟೂ ಬೇಕು, ಪದಗಳ ಕ್ರಮ ತಪ್ಪಿದರೆ ಆ ವ್ಯಾಲೆಟ್ ತೆರೆಯುವುದಿಲ್ಲ. ಆ ಸೆಟ್‌ಗಳಲ್ಲಿ ಸಾಮಾನ್ಯವಾಗಿ 6 ಮತ್ತು 9ಕ್ಕೆ ಒಂದೇ ಪಂಚ್ ಇರುತ್ತದೆ, ತಿರುಗಿಸಿ ಹೊಡೆಯಬೇಕು.

ಪೂರ್ತಿ ಪದ ಹೊಡೆಯಬೇಕಿಲ್ಲ. ಹೆಚ್ಚಿನ ವ್ಯಾಲೆಟ್‌ಗಳು ಬಳಸುವ ಬಿಪ್-39 ಪಟ್ಟಿಯಲ್ಲಿ 2,048 ಇಂಗ್ಲಿಷ್ ಪದಗಳಿವೆ. ಮೊದಲ ನಾಲ್ಕು ಅಕ್ಷರ ನೋಡಿದರೆ ಯಾವ ಪದ ಅಂತ ಗೊತ್ತಾಗುವ ಹಾಗೆ ಆರಿಸಿದ್ದಾರೆ. ಮೂರೇ ಅಕ್ಷರದ ಪದ ಬಂದರೆ ನಾಲ್ಕನೇ ಜಾಗ ಖಾಲಿ ಬಿಡಿ. 'ಆ್ಯಕ್ಟ್' ಇರುವ ಅದೇ ಪಟ್ಟಿಯಲ್ಲಿ 'ಆ್ಯಕ್ಟರ್', 'ಆ್ಯಕ್ಷನ್' ಕೂಡ ಇವೆ. ಅಲ್ಲಿ ಸುಮ್ನೆ ಒಂದು ಅಕ್ಷರ ಜಾಸ್ತಿ ಬಿದ್ದರೂ ಪದವೇ ಬದಲಾಗುತ್ತದೆ. ಒಟ್ಟು ಹೆಚ್ಚೆಂದರೆ 96 ಅಕ್ಷರ, ಒಂದು ಸಂಜೆಯ ಕೆಲಸ.

ಪ್ಲೇಟನ್ನು ದಪ್ಪ ಕಬ್ಬಿಣದ ತುಂಡಿನ ಮೇಲಿಡಿ. ಮರದ ಮೇಲಿಟ್ಟರೆ ಪುಟಿಯುತ್ತದೆ, ಅಚ್ಚು ಆಳಕ್ಕೆ ಇಳಿಯುವುದಿಲ್ಲ. ಸಾಲು ನೇರ ಬರಲು ಟೇಪ್ ಅಂಟಿಸಿಕೊಳ್ಳಿ. ಪಂಚ್‌ನ ಗುರುತು ಇರುವ ಕಡೆ ನಿಮ್ಮ ಹೆಬ್ಬೆರಳು ಬರಲಿ, ಇಲ್ಲದಿದ್ದರೆ ಎಂ ಹೋಗಿ ಡಬ್ಲ್ಯೂ ಆಗುತ್ತದೆ. ಸುತ್ತಿಗೆಯಿಂದ ಒಂದೇ ಗಟ್ಟಿ ಏಟು. ಎರಡನೇ ಏಟು ಕೊಟ್ಟರೆ ಅಕ್ಷರ ಜೋಡಿಯಾಗಿ ಮಸುಕಾಗುತ್ತದೆ. ಕಣ್ಣಿಗೆ ಸೇಫ್ಟಿ ಕನ್ನಡಕ ಇರಲೇಬೇಕು. ಮೊದಲು ಒಂದು ಗುಜರಿ ತುಂಡಿನ ಮೇಲೆ ಮನೆಯವರ ಹೆಸರು ಹೊಡೆದು ಕೈ ಪಳಗಿಸಿಕೊಳ್ಳಿ. ಫೋನನ್ನು ಬೇರೆ ಕೋಣೆಯಲ್ಲಿಡಿ. ಪ್ಲೇಟಿನ ಫೋಟೊ ಒಂದೂ ಬೇಡ, ಮನೆಯವರಿಗೆ ತೋರಿಸೋಕೂ ಬೇಡ. ಪ್ಲೇಟ್ ಎಲ್ಲಿದೆ ಅಂತ ಮನೆಯಲ್ಲಿ ಒಬ್ಬರಿಗೆ ಬಾಯಿಮಾತಿನಲ್ಲಿ ಹೇಳಿರಿ.

ಹೊಡೆದಾದ ಮೇಲೆ ಕಾಗದ ಮುಚ್ಚಿಟ್ಟು, ಪ್ಲೇಟ್ ಮಾತ್ರ ನೋಡಿಕೊಂಡು ಪದಗಳನ್ನು ಹಾರ್ಡ್‌ವೇರ್ ವ್ಯಾಲೆಟ್‌ನಲ್ಲೇ ಹಾಕಿ ಪರೀಕ್ಷಿಸಿ. ಕಂಪ್ಯೂಟರಿನಲ್ಲಿ ಟೈಪ್ ಮಾಡಬೇಡಿ. 24ಕ್ಕೆ 24 ಸರಿ ಬಂದ ಮೇಲೆಯೇ ಕಾಗದ ಸುಡಿ.