ಪ್ರತಿಕ್ರಿಯೆ: ಹೃದಯದ ಕವಾಟ ಬದಲಿಸಿದ ಮೇಲೆ ತಾಳ ತಪ್ಪುವ ನಾಡಿ

ತಾಯಿಗೆ ಹೃದಯದ ಎಡಭಾಗದ ಮೈಟ್ರಲ್ ಕವಾಟ ಬದಲಿಸಿ ಹತ್ತು ದಿನವಾಗಿದೆ, ನಾಡಿ ತಾಳ ತಪ್ಪುತ್ತಿದೆ, ಇದು ಕೆಟ್ಟ ಸೂಚನೆಯೇ ಎಂದು ಕೇಳಿದ್ದೀರಿ. ಅಷ್ಟಕ್ಕೇ ಎದೆಗುಂದಬೇಡಿ. ಈ ಶಸ್ತ್ರಚಿಕಿತ್ಸೆಯ ನಂತರ ಹೃತ್ಕರ್ಣದ ಕಂಪನ (ಹೃದಯದ ಮೇಲಿನ ಕೋಣೆಗಳು ಲಯ ತಪ್ಪಿ ಅದುರುವುದು) ಬಹಳ ಸಾಮಾನ್ಯ. ಹೊಸದಾಗಿ ಬಂದದ್ದಾದರೆ ಹೆಚ್ಚಿನವರಲ್ಲಿ 6-8 ವಾರಗಳೊಳಗೆ ಲಯ ಮರಳುತ್ತದೆ. ಮೊದಲೇ ವರ್ಷಗಟ್ಟಲೆ ಇದ್ದರೆ ಮರಳುವುದು ಕಷ್ಟ. ಇದೇ ತೊಂದರೆಯಿದ್ದ ನನ್ನ ತಂದೆಯ ಮಣಿಕಟ್ಟಿನ ಮೇಲೆ ಬೆರಳಿಟ್ಟರೆ ಎರಡು ಬಡಿತ ಒಟ್ಟೊಟ್ಟಿಗೆ, ಆಮೇಲೆ ನಮ್ಮ ಉಸಿರೇ ನಿಲ್ಲುವಷ್ಟು ಬಿಡುವು. ತಾಯಿಯ ನಾಡಿಯನ್ನು ಪೂರ್ತಿ ಒಂದು ನಿಮಿಷ ಎಣಿಸಿ ಬರೆದಿಡಿ, ವೈದ್ಯರಿಗೆ ಇಂದೇ ತಿಳಿಸಿ. ನಿಜವಾದ ಭಯ ರಕ್ತ ಹೆಪ್ಪುಗಟ್ಟುವುದರದ್ದು. ಅದನ್ನು ತಡೆಯುವ ವಾರ್ಫರಿನ್ ಮಾತ್ರೆ ಕೊಟ್ಟಿದ್ದರೆ ಒಂದು ಹೊತ್ತೂ ತಪ್ಪಿಸಬೇಡಿ, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕೆಂದು ಅಳೆಯುವ ಐಎನ್‌ಆರ್ ಪರೀಕ್ಷೆ ಮುಂದೂಡಬೇಡಿ. ಸುಮ್ಮನೆ ಕುಳಿತಾಗಲೂ ನಾಡಿ 120 ದಾಟಿದರೆ, 50ಕ್ಕಿಂತ ಇಳಿದರೆ, ಉಸಿರು ಕಟ್ಟಿದರೆ, ಕಣ್ಣು ಕತ್ತಲೆಗಟ್ಟಿದರೆ, ಮಾತು ತೊದಲಿದರೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.