ಕರಕರ ಎನ್ನುವ ಹಳೆಯ ಗ್ರಾಮಫೋನ್ ತಟ್ಟೆಗಳನ್ನು ಸಂಗೀತಪ್ರಿಯರು ಇಂದಿಗೂ ಏಕೆ ಕೇಳುತ್ತಾರೆ?

ಹಿಂದೂಸ್ತಾನಿ ಗಾಯಕ ಅಬ್ದುಲ್ ಕರೀಂ ಖಾನರ 'ಪಿಯಾ ಬಿನ್ ನಹೀ ಆವತ್ ಚೈನ್' ಒಮ್ಮೆ ಕೇಳಿ ನೋಡಿ. ಝಿಂಝೋಟಿ ರಾಗದ ಠುಮ್ರಿ, ಅಂದರೆ ಭಾವವೇ ಮುಖ್ಯವಾದ ಲಘು ಶಾಸ್ತ್ರೀಯ ಹಾಡು. ಮೊದಮೊದಲು ಮುಳ್ಳಿನ ಕರಕರ ಕಿವಿಗೆ ತೊಡರುತ್ತದೆ. ಸ್ವಲ್ಪ ಹೊತ್ತಿಗೆ ಅದು ಕೇಳಿಸುವುದೇ ಇಲ್ಲ, ಎಳೆಯಂಥ ಆ ಸಣ್ಣ ದನಿಯೊಂದೇ ಉಳಿಯುತ್ತದೆ. ಗದಗಿನ ಹುಡುಗ ಭೀಮಸೇನ ಜೋಶಿ ಈ ತಟ್ಟೆಯ ಹಾಡಿಗೆ ಮರುಳಾಗಿ, ಹೀಗೇ ಹಾಡಬೇಕೆಂದು ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟಾಗ ಅವರಿಗೆ 11 ವರ್ಷ.

ನಿಮಿಷಕ್ಕೆ 78 ಸುತ್ತು ತಿರುಗುವ (78 ಆರ್‌ಪಿಎಂ) ಅರಗಿನ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದದ್ದು ಮೂರು-ನಾಲ್ಕು ನಿಮಿಷ ಮಾತ್ರ. ಗಂಟೆಗಟ್ಟಲೆ ಹಾಡುವವರು ರಾಗದ ತಿರುಳನ್ನು ಅಷ್ಟರಲ್ಲೇ ಬಿಚ್ಚಿಡಬೇಕು. ನಡುವೆ ತಪ್ಪಿದರೆ ತಿದ್ದುವಂತಿಲ್ಲ, ಮೊದಲಿನಿಂದಲೇ ಹಾಡಬೇಕು. ಹಾಗಾಗಿ ಒಂದು ಸ್ವರವೂ ಪೋಲಾಗಿಲ್ಲ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಇಲ್ಲ ಅನ್ನುತ್ತೇನೆ ನಾನು.

ಇನ್ನು ಹಿಂದೂಸ್ತಾನಿ ಗಾಯಕಿ ಗೌಹರ್ ಜಾನ್. 1902ರಲ್ಲಿ ಕಲ್ಕತ್ತೆಯಲ್ಲಿ ಅವರ ಹಾಡು ಮುದ್ರಿಸಿಕೊಂಡಾಗ ಮೈಕೇ ಇರಲಿಲ್ಲ. ಕಹಳೆಯಂಥ ಕೊಳವೆಯೊಳಗೆ ಗಟ್ಟಿಯಾಗಿ ಹಾಡಬೇಕಿತ್ತು. ಆ ಕಾಲದ ಅವರ ಎಷ್ಟೋ ತಟ್ಟೆಗಳಲ್ಲಿ ಹಾಡು ಮುಗಿದೊಡನೆ 'ಮೈ ನೇಮ್ ಈಸ್ ಗೌಹರ್ ಜಾನ್' ಎಂಬ ದನಿ ಕೇಳುತ್ತದೆ. ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, 1930ರಲ್ಲಿ ಅಲ್ಲೇ ತೀರಿಕೊಂಡವರು ಅವರು. ಆ ನಾಲ್ಕು ಮಾತು ಕೇಳಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ, ಪಕ್ಕದ ಕೋಣೆಯಲ್ಲೇ ಇದ್ದಾರೇನೋ ಅನ್ನಿಸುತ್ತದೆ.